ಅಂಗೈ ಮೇಲಿನ ರೊಟ್ಟಿ

“ನಂಗೆ ಬೇಡ.”

ಸತೀಶ ಅಂದದ್ದು ಇಷ್ಟೇ. ರೊಟ್ಟಿ ಹಿಡಿದು ಮುಂದೆ ಚಾಚಿದ್ದ ಪ್ರತಿಭಾಳ ಕೈ ಅಲ್ಲೇ ನಿಂತುಬಿಟ್ಟಿತು.

“ಒಂದರ ತಿನ್ರಿ... ನಸುಕಿನಾಗ ಎದ್ದು ಬಡದೀನಿ.”

“ಹಸಿವಿಲ್ಲ ಕಣ್ರೀ. ನೀವೆಲ್ಲ ತಿನ್ನಿ,” ಎಂದವನೇ ಎದ್ದು, ಕಬ್ಬನ್ ಪಾರ್ಕಿನ ಬಿದಿರು ಮೆಳೆಯ ಆಚೆ ಹೋಗಿ ಫೋನ್ ನೋಡುತ್ತ ಕೂತ.

ಹಸಿವಿಲ್ಲವಂತೆ! ಬೆಳಗ್ಗೆಯಿಂದ ಊರೆಲ್ಲ ಸುತ್ತಿದ ಗಂಡಸು ಮಟಮಟ ಮಧ್ಯಾಹ್ನ ಹೀಗಂದರೆ ಯಾರು ನಂಬುತ್ತಾರೆ?

ಪ್ರತಿಭಾ ಗದಗಿನ ಹುಡುಗಿ. ಯಲಹಂಕದ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತಾಳೆ. ಬೆಂಗಳೂರಿಗೆ ಬಂದು ಎರಡು ವರ್ಷವಾದರೂ ವಿಧಾನಸೌಧ ನೋಡಿರಲಿಲ್ಲ. ನಾಳೆ ಊರಲ್ಲಿ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಇವತ್ತು ಸಂಜೆಯೇ ಯಶವಂತಪುರದಿಂದ ರೈಲು.

“ಮದುವೆ ಆದ್ಮೇಲೆ ವಿಧಾನಸೌಧನ ಟಿವೀಲಿ ನೋಡ್ತೀಯಾ?” ಎಂದು ಗದರಿ, ಜೊತೆಯಲ್ಲಿ ಕೆಲಸ ಮಾಡುವ ಸ್ಮಿತಾ ಈ ಸುತ್ತಾಟಕ್ಕೆ ಎಳೆದು ತಂದಿದ್ದಳು. ಅದೇ ಕಾಲೇಜಿನ, ಆರ್.ಟಿ. ನಗರದ ಜೀಷಾನ್ ಕೂಡ ಬಂದಿದ್ದ. ಕಾರು ಮಾತ್ರ ಸತೀಶನದು. ಅವನು ಸ್ಮಿತಾಳ ದೊಡ್ಡಮ್ಮನ ಮಗ, ಯಲಹಂಕದ ಪಕ್ಕದ ಕೋಗಿಲಿನವನು.

ದಿನಾ ಬೆಳಗ್ಗೆ ಸ್ಮಿತಾ, ಪ್ರತಿಭಾ ಇಬ್ಬರನ್ನೂ ಕಾಲೇಜಿಗೆ ಬಿಡುವವನೂ ಅವನೇ. ಪ್ರತಿಭಾ ಗೇಟು ದಾಟುವ ತನಕ ಆ ಕಾರು ಅಲುಗುತ್ತಿರಲಿಲ್ಲ. ತಿರುಗಿ ನೋಡದೆಯೂ ಅವಳಿಗದು ಗೊತ್ತಿತ್ತು.

‘ಇವತ್ತಾದರೂ ಬಾಯಿ ಬಿಡುತ್ತಾನೆ... ಹೋಗಬೇಡ ಅನ್ನುತ್ತಾನೆ...’

ಅವನು ಅಷ್ಟು ಅಂದರೆ ಸಾಕಿತ್ತು. ಈ ಸಂಬಂಧ ಬೇಡವೆಂದು ಅವ್ವನ ಮುಂದೆ ನಿಂತು ಹೇಳುವ ಧೈರ್ಯ ಅವಳಿಗಿತ್ತು. ಈ ಮಹಾನುಭಾವ ನೋಡಿದರೆ ಅವಳ ಕೈಯಿಂದ ಒಂದು ರೊಟ್ಟಿಯನ್ನೂ ತೆಗೆದುಕೊಳ್ಳಲಿಲ್ಲ.

ಜೀಷಾನ್ ಶೇಂಗಾ ಚಟ್ನಿ ಹಚ್ಚಿಕೊಂಡು ಹಚ್ಚಿಕೊಂಡು ತಿಂದ. ಕೊನೆಯ ರೊಟ್ಟಿಗೂ ಕೈ ಹಾಕಿದಾಗ ಪ್ರತಿಭಾ ತಟ್ಟನೆ ಡಬ್ಬಿ ಮುಚ್ಚಿದಳು. “ಅದು ಬ್ಯಾಡ.” ಯಾರಿಗೆಂದು ಎತ್ತಿಟ್ಟೆನೋ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಆಮೇಲೆ ಲಾಲ್‌ಬಾಗ್ ನೋಡಿದರು. ಕಾರಿನಲ್ಲಿ ಅವಳು ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು.

ಯಶವಂತಪುರ ಸ್ಟೇಷನ್ನಿನಲ್ಲಿ ಸ್ಮಿತಾ ಜೀಷಾನನ ತೋಳು ಹಿಡಿದು, “ಬಾರೋ, ನೀರು ತರೋಣ” ಎಂದು ಎಳೆದುಕೊಂಡು ಹೋದಳು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಇವರಿಬ್ಬರೇ ಉಳಿದರು.

ಪ್ರತಿಭಾಗೆ ಇನ್ನು ತಡೆಯಲಾಗಲಿಲ್ಲ.

“ನಮ್ಮ ರೊಟ್ಟಿ ಅಂದ್ರ ನಿಮಗ ಅಷ್ಟು ಅಸಡ್ಡೇನ್ರಿ?”

ಸತೀಶ ಬೆಚ್ಚಿಬಿದ್ದ. “ಅಯ್ಯೋ, ಅಸಡ್ಡೆ ಅಲ್ಲ ಕಣ್ರೀ. ನಿನ್ನೆ ನಮ್ಮೂರ ದೇವತೆ ಪಟಾಲಮ್ಮನ ಹಬ್ಬ. ಬೆಳಗ್ಗೆ ಉಳಿದಿದ್ದ ಮಟನ್ ಸಾರಲ್ಲಿ ಮುದ್ದೆ ತಿಂದು ಬಂದ್ಬಿಟ್ಟಿದ್ದೆ. ನಿಮ್ಮ ಕೊರಳಲ್ಲಿ ಲಿಂಗ ಇದೆ... ಅದೇ ಕೈ ನಿಮ್ಮ ಡಬ್ಬೀಗೆ ಹೆಂಗ್ರೀ ಹಾಕ್ಲಿ?”

ಅವಳು ಅವನನ್ನೇ ನೋಡಿದಳು. ಇಡೀ ಮಧ್ಯಾಹ್ನ ಎದೆಯಲ್ಲಿ ಕೂತಿದ್ದ ನೋವು ಕರಗಿ, ನಗುವೂ ಅಳುವೂ ಒಟ್ಟಿಗೇ ಬಂದವು.

“ಜೀಷಾನ್ ಏನ್ ಮಡಿ ಉಟಗೊಂಡು ಬಂದಿದ್ನೇನ್ರಿ? ಖೀಮಾ ತಿಂದು ಬಂದೀನಿ ಅಂದ, ಕೈ ತೊಳಕೊಂಡ, ತಿಂದ. ನೀವೂ ಒಂದು ಮಾತು ಕೇಳಬೇಕಿತ್ತಿಲ್ಲೋ?”

“ನಿಮಗೆ ಬೇಜಾರಾದ್ರೆ ಅಂತ ಭಯ. ಬೇಕಾದ್ರೆ ಮಟನ್ ಬಿಟ್ಬಿಡ್ತೀನಿ.”

“ಬಿಡಬ್ಯಾಡ್ರಿ. ತಿಂದ್ರ ತಿಂದೀನಿ ಅಂತ ಹೇಳ್ರಿ. ಆದ್ರ ನನ್ನ ಮುಂದ ಉಪವಾಸ ಕೂಡಬ್ಯಾಡ್ರಿ.”

ಅವಳು ಡಬ್ಬಿ ತೆರೆದಳು. ಅವನು ಬಾಟಲಿಯಲ್ಲಿದ್ದ ನೀರಿನಿಂದ ಕೈ ತೊಳೆದು, ಕರ್ಚೀಫಿಗೆ ಒರೆಸಿ, ಸುತ್ತಮುತ್ತ ನೋಡಿದ. “ತಟ್ಟೆ?”

“ನಮ್ಮ ಕಡೆ ಹೊಲದಾಗ ರೊಟ್ಟೀನೇ ತಾಟು. ಕೈ ಹಿಡೀರಿ.”

ಅವನ ಅಂಗೈ ಮೇಲೆ ರೊಟ್ಟಿ ಇಟ್ಟು, ಅದರ ಮೇಲೆ ಚಟ್ನಿ ಹಾಕಿದಳು. ಬೆರಳು ತಾಗಿತು. ಇಬ್ಬರೂ ಹಿಂದೆಗೆಯಲಿಲ್ಲ.

ರೈಲು ಬಂದು ನಿಂತಾಗ ರೊಟ್ಟಿ ಮುಗಿದಿತ್ತು. ಅವನು ಎದ್ದು ನಿಂತ.

“ಪ್ರತಿಭಾ... ಹೋಗ್ಬೇಡಿ. ಇಷ್ಟು ದಿನ ಹೇಳೋಕೆ ಧೈರ್ಯ ಬರ್ಲಿಲ್ಲ. ನೀವಂದ್ರೆ ನಂಗೆ ಪ್ರಾಣ ಕಣ್ರೀ.”

ಕೇಳಬೇಕೆಂದು ಎಷ್ಟು ದಿನದಿಂದ ಕಾದಿದ್ದಳೋ ಆ ಮಾತು! ಕಣ್ಣು ತುಂಬಿ ಅವನ ಮುಖ ಮಸುಕಾಯಿತು. ಆದರೂ ಚೀಲ ಎತ್ತಿಕೊಂಡಳು.

“ಹೋಗ್ತೀನ್ರಿ. ಬರೋ ಮಂದಿಗೆ ಬ್ಯಾಡ ಅನ್ನಾಕ. ಅವ್ವಗ ನಿಮ್ಮ ಸುದ್ದಿ ನಾನ ಎದುರಿಗೆ ನಿಂತು ಹೇಳಬೇಕು.”

“ಬೈದ್ರೆ?”

“ಬೈತಾಳ. ಬೈದ ಮ್ಯಾಲೆ, ಹುಡುಗ ರೊಟ್ಟಿ ತಿಂತಾನೇನು ಅಂತ ಕೇಳ್ತಾಳ.”

“ಏನ್ ಹೇಳ್ತೀರಾ?”

“ಒಂದು ತಿಂದು, ಇನ್ನೊಂದು ಕೇಳಿದ ಅಂತೀನಿ.”

ಅವನು ಅಂಗೈ ಚಾಚಿದ. “ಹಂಗಾದ್ರೆ ಇನ್ನೊಂದು ಕೊಡಿ.”

ರೈಲಿನ ಬಾಗಿಲಲ್ಲಿ ನಿಂತು ಅವಳು ಖಾಲಿ ಡಬ್ಬಿಯನ್ನೇ ಆ ಕೈಗಿಟ್ಟಳು.

“ತೊಳೆದಿಡ್ರಿ. ಬಂದು ಇನ್ನೊಂದು ಬಡದು ಕೊಡ್ತೀನಿ.”