ಹೊಗೆಗೂಡಿನ ಆಚೆ ಬದಿ

ಅಟ್ಟದ ಮೇಲೆ ಯಾರೋ ನಡೆಯುತ್ತಿದ್ದರು.

ಬ್ರಯೊನಿ ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು. ಇಲಿಯಲ್ಲ, ಮನುಷ್ಯನ ಹೆಜ್ಜೆ. ಅದು ಪಕ್ಕದ ಮನೆಯ ನಡುಗೋಡೆಯ ನೇರಕ್ಕೆ ಬಂದು ಅಲ್ಲೇ ನಿಂತಿತು.

'ಬಾಗಿಲಿಗೆ ಚಿಲಕ ಹಾಕಿದ್ದೇನೆ. ಮನೆಯಲ್ಲಿ ಇರುವವಳು ನಾನೊಬ್ಬಳೇ. ಹಾಗಾದರೆ...'

ನವೆಂಬರ್ ತಿಂಗಳು. ಶೆಫೀಲ್ಡಿನ ಆ ಏರುಬೀದಿಯಲ್ಲಿ ಸಂಜೆಯಾಗುವ ಮೊದಲೇ ಕತ್ತಲೆ ಕವಿಯುತ್ತಿತ್ತು. ಏಣಿ ಹತ್ತಿ, ಅಟ್ಟದ ಮುಚ್ಚಳ ತಳ್ಳಿ ಟಾರ್ಚ್ ಬಿಟ್ಟಳು. ಇಟ್ಟಿಗೆಯ ಹೊಗೆಗೂಡಿನ ಪಕ್ಕ ಒಬ್ಬ ಮಂಡಿಯೂರಿ ಕೂತಿದ್ದ. ಜ್ವರ ಬಂದ ಮಗುವಿನ ಹಣೆ ಮುಟ್ಟುವವನ ಹಾಗೆ ಇಟ್ಟಿಗೆಗೆ ಅಂಗೈ ಒತ್ತಿ ಹಿಡಿದಿದ್ದ.

ಪಕ್ಕದ ಮನೆಯ ರೂಬೆನ್! ಊರಿನ ಟ್ರಾಮ್ ಓಡಿಸುವವನು. ಹೋದ ತಿಂಗಳು ಅವಳ ಜೇಡಿಮಣ್ಣಿನ ಚೀಲಗಳನ್ನೆಲ್ಲ ನೆಲಮಾಳಿಗೆಗೆ ಹೊತ್ತು ಹಾಕಿ, ಟೀ ಕುಡಿದು, ನಾಲ್ಕು ಮಾತಾಡಿ ಹೋಗಿದ್ದ. ಆ ನಾಲ್ಕು ಮಾತನ್ನು ಬ್ರಯೊನಿ ಇನ್ನೂ ಮೆಲುಕು ಹಾಕುತ್ತಿದ್ದಳು. ಅದನ್ನು ಅವಳು ಯಾರ ಮುಂದೆಯೂ ಒಪ್ಪಿಕೊಳ್ಳುವುದಿಲ್ಲ, ಬಿಡಿ.

"ನನ್ನ ಅಟ್ಟದಲ್ಲಿ ಏನ್ ಮಾಡ್ತಿದೀರಾ?"

"ಹೊಗೆಗೂಡಿಂದ ಈಚೆಗೆ ನಮ್ಮದು. ಈ ಸಾಲಿನ ಎಲ್ಲಾ ಮನೆಗೂ ಅಟ್ಟ ಒಂದೇ, ಕಟ್ಟಿದವರು ನಡುವೆ ಗೋಡೆನೇ ಎತ್ತಿಲ್ಲ. ಮನೆ ತಗೊಳ್ಳೋವಾಗ ಯಾರೂ ಹೇಳ್ಲಿಲ್ವಾ?"

"ಹೇಳಿದ್ರೆ ಬೇರೆ ಬೀದಿ ನೋಡ್ಕೊಳ್ತಿದ್ದೆ."

ಅವನು ನಗಲಿಲ್ಲ.

"ಬ್ರಯೊನಿ... ಈ ಹೊಗೆಗೂಡು ಒಡೆಸ್ತೀನಿ ಅಂದಿದ್ರಲ್ಲ, ಒಡೆಸ್ಬೇಡಿ."

"ಯಾಕೆ?"

ಕೆಳಗೆ ಅವನ ತಾಯಿ ಹಿಲ್ಡಾರ ಕೋಣೆಯಿಂದ ರೇಡಿಯೋ ಕೇಳಿಸುತ್ತಿತ್ತು. ಅವನು ಆ ಕಡೆ ನೋಡಿ ದನಿ ಇಳಿಸಿದ.

"ಬೇಡ, ಅಷ್ಟೇ."

ಬೇಡ! ಆ ಪದ ಕೇಳಿದರೇ ಬ್ರಯೊನಿಗೆ ಮೈ ಉರಿಯುತ್ತಿತ್ತು. ಡರ್ಬಿಯಲ್ಲಿ ಜೂಲಿಯನ್ ಜೊತೆ ಬಾಳಿದಷ್ಟು ಕಾಲವೂ ಅದನ್ನೇ ಕೇಳಿದ್ದಳು. ಮಣ್ಣಿನ ಕೆಲಸ ಬೇಡ, ಆ ಬಣ್ಣ ಬೇಡ, ಆ ಗೆಳತಿಯರು ಬೇಡ. ಕಾರಣ ಕೇಳಿದರೆ ಮೌನ. ಅವನನ್ನು ಬಿಟ್ಟು ಬಂದು ಕೊಂಡ ಮನೆ ಇದು. ನೆಲಮಾಳಿಗೆಯಲ್ಲಿ ಮಡಕೆ ಸುಡುವ ಆವಿಗೆ ಇಡಬೇಕು, ಅಟ್ಟದಲ್ಲಿ ಆಕಾಶ ಕಾಣುವ ಮಲಗುವ ಕೋಣೆ ಮಾಡಬೇಕು. ಎರಡಕ್ಕೂ ಅಡ್ಡ ನಿಂತಿದ್ದದ್ದು ಈ ಹೊಗೆಗೂಡೇ.

'ಇವನೂ ಅವನ ಹಾಗೇ. ನಾನೇ ಹುಚ್ಚಿ...'

ಗಾರೆ ಕೆಲಸದ ಕ್ಲೈವ್ ಬಂದಾಗ ಅವಳು ಇದನ್ನು ಹೇಳಿದಳು. ಅವನು ಬೀದಿಯಿಂದಲೇ ಹಿಲ್ಡಾರ ಕಿಟಕಿಯೊಳಗೆ ಇಣುಕಿ ನೋಡಿದ.

"ಅವರ ನಡುಮನೇಲಿ ಬೆಂಕಿಗೂಡು ಗಟ್ಟಿಯಾಗಿದೆ ಕಣಮ್ಮ. ಹೊಗೆಗೂಡು ಎರಡೂ ಮನೆಗೆ ಸೇರಿದ್ದು, ನಿಮ್ಮ ಅರ್ಧ ತೆಗೆದ್ರೆ ಅವರ ಅರ್ಧ ಹಿಡ್ಕೊಳುತ್ತೆ. ಆ ಹುಡುಗನಿಗೆ ಧೂಳು ಆಗಲ್ಲ ಅನ್ಸುತ್ತೆ."

ಅಂದಿನಿಂದ ಮನೆಯ ರೀತಿಯೇ ಬದಲಾಯಿತು. ಉರಿ ಹಾಕದ ಒಲೆಯಲ್ಲಿ ಮಸಿ ಉದುರುತ್ತಿತ್ತು. ಮಲಗುವ ಕೋಣೆಯ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು, ಮಾರನೆಯ ದಿನ ಅದರೊಳಗೆ ಉಗುರು ಹೋಯಿತು. ಹೊಗೆಗೂಡಿನ ತುದಿಯಲ್ಲಿ ಸದಾ ಗಲಾಟೆ ಮಾಡುತ್ತಿದ್ದ ಸಣ್ಣ ಕಾಗೆಗಳು ಒಂದೂ ಉಳಿಯದೆ ಹಾರಿಹೋದವು. ಅಟ್ಟದಲ್ಲಿ ಮಾತ್ರ ಅದೇ ಹೆಜ್ಜೆ, ಏನನ್ನೋ ಎಳೆಯುವ ಸದ್ದು. ಬ್ರಯೊನಿಗೆ ಭಯವಾಗುತ್ತಿತ್ತು. ಆದರೆ ಭಯವೆಂದು ಒಪ್ಪಿಕೊಂಡರೆ ಅವನು ಗೆದ್ದಂತೆ ಎಂದು ಹಟ ಹಿಡಿದಳು.

ಶನಿವಾರ ಕ್ಲೈವ್ ಅಟ್ಟದಲ್ಲಿ ಅವಳ ಬದಿಯ ಇಟ್ಟಿಗೆಗಳನ್ನು ಒಂದು ಕೈ ತೂರುವಷ್ಟು ತೆಗೆದು ಊಟಕ್ಕೆ ಹೋದ. "ನಾನು ಬರೋವರೆಗೂ ಏನೂ ಮುಟ್ಟಬೇಡಿ," ಎಂದಿದ್ದ. ಅದೂ ಒಂದು ಬೇಡ ತಾನೇ? ಅವಳು ನೆಲಮಾಳಿಗೆಗೆ ಇಳಿದು, ಸುತ್ತಿಗೆ ಎತ್ತಿ, ಹೊಗೆಗೂಡಿನ ಬುಡಕ್ಕೆ ಹೊಡೆಯತೊಡಗಿದಳು. ಇಟ್ಟಿಗೆ ಒಂದೊಂದೇ ಕಳಚಿ ಬಂದವು.

ಆಮೇಲೆ ಒಳಗಿನಿಂದ ಒಂದು ನರಳುವ ಸದ್ದು ಬಂತು. ತಲೆಯ ಮೇಲೆ ಮಸಿ ಸುರಿಯಿತು. ಅದರ ಹಿಂದೆಯೇ, ಕತ್ತಲ ಕೊಳವೆಯೊಳಗಿನಿಂದ, ಒಂದು ದನಿ.

"ಬ್ರಯೊನಿ, ನಿಲ್ಸಿ!"

ಸುತ್ತಿಗೆ ಕೈಜಾರಿತು.

"ರೂಬೆನ್? ಎಲ್ಲಿದೀರಾ?"

"ಅಟ್ಟದಲ್ಲಿ. ಹೊಗೆಗೂಡು ವಾಲ್ತಾ ಇದೆ, ಮರದ ಆಸರೆಗೆ ಹೆಗಲು ಕೊಟ್ಟಿದೀನಿ. ಹೊರಗೆ ಹೋಗಿ. ಅಮ್ಮನ್ನೂ ಕರ್ಕೊಂಡು ಹೋಗಿ."

"ಆಚೆ ಬದಿ ಗಟ್ಟಿ ಇದೆ ಅಂದ್ರು..."

"ಆಚೆ ಬದಿ ಇಲ್ವೇ ಇಲ್ಲ ಬ್ರಯೊನಿ. ಕೆಳಗಿನ ಕೋಣೆದು ಮಾತ್ರ ಉಳಿದಿದೆ. ಮಲಗೋ ಕೋಣೆದನ್ನ ನಾನು ಹುಟ್ಟಿದಾಗ ಅಪ್ಪ ಒಡೆದು ತೆಗೆದ, ತೊಟ್ಟಿಲಿಗೆ ಜಾಗ ಬೇಕು ಅಂತ. ಆಗ ಬೀದಿಯವರೆಲ್ಲ ಹಾಗೇ ಮಾಡ್ತಿದ್ರು. ಮೇಲಿನದಕ್ಕೆ ಆಸರೆ ಕೊಡ್ಬೇಕು ಅಂತ ಯಾರಿಗೂ ಹೊಳೀಲಿಲ್ಲ. ಇಷ್ಟು ವರ್ಷ ಎಲ್ಲಾ ಭಾರ ನಿಮ್ಮ ಅರ್ಧದ ಮೇಲೇ ಇತ್ತು."

"ಅದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ಅಪ್ಪ ಕೈಯಾರೆ ಮಾಡಿದ್ದು ಅಂತ ಅಮ್ಮ ಇವತ್ತಿಗೂ ಆ ಗೋಡೆ ಸವರ್ತಾಳೆ. ಅದೇ ಒಂದಿನ ಅವಳ ಮೇಲೆ ಬೀಳುತ್ತೆ ಅಂತ ಹೇಗೆ ಹೇಳ್ಲಿ? ಗುಟ್ಟಾಗಿ ಆಸರೆ ಕೊಟ್ಟು ಮುಗಿಸೋಣ ಅಂದ್ಕೊಂಡೆ... ಹೋಗಿ ಈಗ, ದಯವಿಟ್ಟು."

"ನಾನು ಹೋದ್ರೆ ನೀವು?"

ಮಸಿ ಮಾತ್ರ ಉದುರಿತು.

ಬ್ರಯೊನಿ ಅತ್ತಳು. ಅಳುತ್ತಲೇ ಕ್ಲೈವ್ ಬಿಟ್ಟುಹೋಗಿದ್ದ ಕಬ್ಬಿಣದ ಜಾಕಿ ಕಂಬಗಳಲ್ಲಿ ಒಂದನ್ನು ತಾನು ಒಡೆದ ಬಾಯಿಗೆ ನಿಲ್ಲಿಸಿ, ತಿರುಪು ಬಿಗಿಯಾಗುವ ತನಕ ತಿರುಗಿಸಿದಳು. ಅಂಗೈ ಸುಲಿಯಿತು. ನರಳುವ ಸದ್ದು ನಿಂತಿತು. ಓಡಿಹೋಗಿ ಹಿಲ್ಡಾರನ್ನು ತೋಳು ಹಿಡಿದು ಬೀದಿಗೆ ಇಳಿಸಿದಳು. ವಿಷಯ ಹೇಳಿದಾಗ ಮುದುಕಿಯ ಮುಖ ಬಿಳಿಚಿಕೊಂಡಿತು.

"ಒಡೆಸಿದ್ದು ನಾನೇ ಕಣಮ್ಮ. ನಮ್ಮ ಯಜಮಾನ್ರು ಆಮೇಲೆ ನೋಡೋಣ ಅಂದ್ರು, ನಾನೇ ಜಗಳ ಮಾಡಿ ಒಡೆಸ್ದೆ. ನಂಗೆ ಹೇಳಿದ್ರೆ ನಾನೇನು ಸತ್ತುಹೋಗ್ತಿದ್ನಾ? ಹೋಗು, ನನ್ನ ಮಗನ್ನ ಕೆಳಗಿಳ್ಸು."

ಅಷ್ಟರಲ್ಲಿ ಕ್ಲೈವ್ ಬಂದ. ಇಬ್ಬರೂ ಉಳಿದ ಕಂಬಗಳನ್ನು ಅಟ್ಟಕ್ಕೆ ಏರಿಸಿದರು. ಕೊನೆಯ ತಿರುಪು ಬಿಗಿದ ಮೇಲೆಯೇ ರೂಬೆನ್ ಹೆಗಲು ತೆಗೆದದ್ದು. ಅವನ ಅಂಗಿ ಹರಿದು, ಹೆಗಲು ನೆತ್ತರಾಗಿತ್ತು.

ವಾರದೊಳಗೆ ಹೊಗೆಗೂಡಿನ ಅಡಿಗೆ ಉಕ್ಕಿನ ತೊಲೆ ಬಂತು. ಒಡೆದ ಬುಡವನ್ನು ಕ್ಲೈವ್ ಮತ್ತೆ ಕಟ್ಟಿಕೊಟ್ಟ. ನೆಲಮಾಳಿಗೆಯ ಹಳೆಯ ಒಲೆಯ ಬಾಯಿ, ಅಟ್ಟದಲ್ಲಿ ತೆಗೆದ ತೂತು ಮಾತ್ರ ತೆರೆದೇ ಉಳಿದವು.

ಬ್ರಯೊನಿಗೆ ಮಾತ್ರ ಆ ಮನೆಯಲ್ಲಿ ನಿದ್ದೆ ಬರಲಿಲ್ಲ. 'ನನ್ನ ಹಟಕ್ಕೆ ಇಬ್ಬರ ಜೀವ ಹೋಗುತ್ತಿತ್ತು.' ಮನೆ ಮಾರುವುದೆಂದು ನಿರ್ಧರಿಸಿ, ಹಿಲ್ಡಾರಿಗೂ ತಿಳಿಸಿ, ನೆಲಮಾಳಿಗೆಯಲ್ಲಿ ಕೂತು ಮಡಕೆಗಳನ್ನು ಕಾಗದದಲ್ಲಿ ಸುತ್ತತೊಡಗಿದಳು.

ಒಲೆಯ ಬಾಯಿಂದ ದನಿ ಬಂತು.

"ಬ್ರಯೊನಿ, ಕೇಳ್ತಾ ಇದ್ಯಾ?"

ಅವನು 'ನೀವು' ಬಿಟ್ಟಿದ್ದ. ಅವಳ ಕೈ ನಿಂತಿತು.

"ಕೇಳ್ತಿದೀನಿ."

"ಹೋಗ್ಬೇಡ."

ಅವಳು ಕಣ್ಣು ಮುಚ್ಚಿಕೊಂಡಳು. "ಮತ್ತೆ ಬೇಡ ಅಂತಿದೀಯಾ? ಯಾಕೆ ಅಂತ ಹೇಳೋಕೆ ಇವತ್ತಾದ್ರೂ ಬರುತ್ತಾ?"

ಇವನಿಗೆ ಮನಸ್ಸಿನ ಮಾತು ಹೇಳುವುದಕ್ಕಿಂತ ಹೊಗೆಗೂಡು ಹೊರುವುದೇ ಸುಲಭ ಎಂದು ಅವಳಿಗೆ ಅನ್ನಿಸಿತು.

"ನಿನ್ನ ಮೇಲೆ ಪ್ರೀತಿ ಆಗಿದೆ. ಮಣ್ಣಿನ ಚೀಲ ಹೊತ್ತ ದಿನದಿಂದ. ಕಾರಣ ಅಷ್ಟೇ ಇರೋದು."

ಬ್ರಯೊನಿ ಸುತ್ತಿದ್ದ ಮಡಕೆಯಿಂದ ಕಾಗದ ಬಿಚ್ಚಿದಳು.

"ಸಾಕು," ಎಂದಳು ಒಲೆಯೊಳಗೆ ಬಾಗಿ. "ಕೆಳಗೆ ಬಾ, ಟೀಗೆ ಇಡ್ತೀನಿ. ಬಾಗಿಲಿಂದ ಬಾ, ಅಟ್ಟದಿಂದ ಅಲ್ಲ."