ಐಶ್ವರ್ಯಳ ಟಿಕೆಟ್

ನನ್ನ ಗಂಡನಾಗುವವನ ಜೊತೆ ಹನಿಮೂನಿಗೆ ಐಶ್ವರ್ಯ ಎಂಬವಳು ಹೋಗುತ್ತಿದ್ದಾಳೆ ಎಂದು ನನಗೆ ಗೊತ್ತಾದಾಗ ನಾನು ಒಂದು ಎಮ್ಮೆಗೆ ಔಷಧಿ ಕುಡಿಸುತ್ತಿದ್ದೆ.

ತಿಕೋಟಾದ ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರು. ಪಕ್ಕದಲ್ಲಿಟ್ಟ ಮೊಬೈಲಿಗೆ ಮೆಸೇಜು ಬಂತು. ಮುಂದೆ ನನಗೆ ಮಾವನವರಾಗಲಿದ್ದ ಗುರಲಿಂಗಪ್ಪನವರು ಒಂದು ಬುಕಿಂಗ್ ಕಳಿಸಿದ್ದರು. ಬಾರ್ಸಿಲೋನಾದಿಂದ ಹೊರಡುವ ಕ್ರೂಸ್, ಬಾಲ್ಕನಿ ಇರುವ ಕ್ಯಾಬಿನ್, ಪ್ರಯಾಣಿಕರು ಸತೀಶಕುಮಾರ ಮತ್ತು ಐಶ್ವರ್ಯ. ಕೆಳಗೆ ಒಂದು ಗುಲಾಬಿ ಹೂವಿನ ಚಿತ್ರ ಬೇರೆ.

ಅರ್ಧ ಔಷಧಿ ಎಮ್ಮೆಗೆ ಹೋಯಿತು, ಇನ್ನರ್ಧ ಎಮ್ಮೆಯ ಒಡೆಯ ಅಮೋಘಿಯ ಧೋತರದ ಮೇಲೆ ಚೆಲ್ಲಿತು.

“ಏನಾತ್ರಿ ಮೇಡಂ?”

“ಏನಿಲ್ಲ. ಎಮ್ಮಿ ಆರಾಮ ಆಕ್ಕತಿ. ನಂದಽ ಹೇಳಾಕ ಬರೂದಿಲ್ಲ.”

ಡ್ಯೂಟಿ ಮುಗಿದದ್ದೇ ತಡ, ಸ್ಕೂಟಿ ಹತ್ತಿ ವಿಜಯಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ಆ ಐಶ್ವರ್ಯಳಿಗೆ ಒಂದು ಮುಖ ಕಲ್ಪಿಸುತ್ತ ಹೋದೆ. ತೆಳ್ಳಗೆ, ಬೆಳ್ಳಗೆ, ಎಮ್ಮೆಯ ಹತ್ತಿರ ಸುಳಿಯದವಳು. ಊರು ಮುಟ್ಟುವ ಹೊತ್ತಿಗೆ ಅವಳಿಗೆ ನಾಲ್ಕು ಏಟು ಹೊಡೆಯುವಷ್ಟು ಸಿಟ್ಟು ಬಂದಿತ್ತು.

ಗೋಳಗುಮ್ಮಟದ ಎದುರಿನ ಸಾಲಿನಲ್ಲಿ ಮಾವನವರ ಟ್ರಾವೆಲ್ಸ್ ಆಫೀಸು. ಮೊದಲು ಶ್ರೀಶೈಲ, ಪಂಢರಪುರಕ್ಕೆ ಬಸ್ಸು ಬಿಡುತ್ತಿದ್ದರು. ಮಗ ಸತೀಶಕುಮಾರ ಕೈಜೋಡಿಸಿದ ಮೇಲೆ ಬಬಲೇಶ್ವರ, ನಿಡೋಣಿ ಕಡೆಯ ದ್ರಾಕ್ಷಿ ಬೆಳೆಗಾರರನ್ನು ದುಬೈಗೆ, ಸಿಂಗಾಪುರಕ್ಕೆ ಕರೆದೊಯ್ಯತೊಡಗಿದರು. ಈ ಸಲ ಯುರೋಪಿನ ಹಡಗು. ತಂಡದ ಜೊತೆ ಹೋಗುವ ಸತೀಶನಿಗೂ ಅವನ ಹೆಂಡತಿಗೂ ಹಡಗಿನ ಕಂಪನಿಯವರು ಕ್ಯಾಬಿನ್ ಪುಕ್ಕಟೆ ಕೊಟ್ಟಿದ್ದರು. ಹನಿಮೂನಿನಲ್ಲಿ ನಿಡೋಣಿಯ ಅರ್ಧ ಊರು ಪಕ್ಕದ ಕ್ಯಾಬಿನ್‌ಗಳಲ್ಲಿ ಇರುತ್ತದೆ ಎಂಬುದಕ್ಕೆ ನಾನು ಹೇಗೋ ಒಪ್ಪಿಕೊಂಡಿದ್ದೆ.

ಕೌಂಟರಿನಲ್ಲಿದ್ದ ಸಬೀರಾ ನನ್ನ ಮುಖ ನೋಡಿ ಎದ್ದು ನಿಂತಳು. “ಚಾ ತರಸ್ಲೇನ್ರಿ ಮೇಡಂ?”

“ಬ್ಯಾಡ. ನಿಮ್ಮ ಸಾಹೇಬರನ್ನ ತರಸು.”

ಸತೀಶ ಒಳಗಿನಿಂದ ಬಂದ. ನನ್ನನ್ನು ಕಂಡಾಗಲೆಲ್ಲ ಅವನ ಮುಖದಲ್ಲಿ ಮೊದಲು ನಗುವುದು ಕಣ್ಣು, ಆಮೇಲೆ ತುಟಿ. ಕಣ್ಣು ನಕ್ಕಿತು. ನಾನು ಮೊಬೈಲನ್ನು ಅವನ ಮೂಗಿನ ಮುಂದೆ ಹಿಡಿದಾಗ ತುಟಿ ಅಲ್ಲೇ ನಿಂತಿತು.

“ಐಶ್ವರ್ಯ ಯಾರ್ರಿ?”

ಅವನ ಕಿವಿ ಕೆಂಪಾಯಿತು. ಆತ ಸುಳ್ಳು ಹೇಳಲಾರ, ಕಿವಿ ಬಿಡುವುದಿಲ್ಲ. “ನೀವಽ ರಿ,” ಎಂದ.

“ನಾನಾ?”

“ಅವ್ವ ಆರಿಸ್ಯಾಳ. ಮದವ್ಯಾಗ ಇಡೂ ಹೆಸರು. ಅಪ್ಪ ನನ್ನ ಕೇಳಲಾರದಽ ಬುಕ್ ಮಾಡ್ಯಾನ.”

ಅಬ್ಬಾ ಎನಿಸಿತು. ಇನ್ನೊಬ್ಬಳು ಇರಲಿಲ್ಲ. ಆದರೆ ಆ ನೆಮ್ಮದಿ ಕುರ್ಚಿಯಲ್ಲಿ ಕೂರುವಷ್ಟು ಹೊತ್ತೂ ಉಳಿಯಲಿಲ್ಲ. ಇನ್ನೊಬ್ಬಳಿದ್ದರೇ ಚೆನ್ನಾಗಿತ್ತು, ಜಗಳ ತೆಗೆದು ಓಡಿಸಬಹುದಿತ್ತು. ಇಲ್ಲಿ ಓಡಿಸಲು ಹೊರಟಿದ್ದು ನನ್ನನ್ನೇ.

ನಮ್ಮ ಕಡೆ ಇದೊಂದು ಶಾಸ್ತ್ರ. ಮದುವೆಯಾಗಿ ಗಂಡನ ಮನೆ ಹೊಕ್ಕ ಮೇಲೆ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಮದುಮಗ ಉಂಗುರದಿಂದ ಅದರಲ್ಲಿ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಮದುಮಗಳು ಅದನ್ನು ಓದಬೇಕು. ಅಲ್ಲಿಂದ ಅವಳ ಹೆಸರು ಅದೇ. ಈಗ ಬಹಳ ಮನೆಗಳಲ್ಲಿ ಇದನ್ನು ಬಿಟ್ಟಿದ್ದಾರೆ, ಈ ಮನೆಯಲ್ಲಿ ಬಿಟ್ಟಿರಲಿಲ್ಲ.

ನನ್ನ ಹೆಸರು ದುಂಡವ್ವ. ಕನಮಡಿಯಲ್ಲಿ ನನ್ನನ್ನು ಬೆಳೆಸಿದ ಅಜ್ಜಿಯ ಹೆಸರು. ಸಾಲೆಯಲ್ಲಿ ಎಲ್ಲರೂ ಆಡಿಕೊಂಡಾಗ ಅಳುತ್ತ ಮನೆಗೆ ಬಂದು, ಈ ಹೆಸರು ಬೇಡ ಎಂದು ರಂಪ ಮಾಡಿದ್ದೆ. ಆಡಿನ ಮರಿಗೆ ಹಾಲು ಕುಡಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದ್ದಳು: “ಬ್ಯಾಡಾದ್ರ ನನಗಽ ತಿರುಗಿ ಕೊಡು ಬೇ. ನನಗ ಇದ್ದದ್ದಽ ಅದೊಂದು.” ನಾನು ಕೊಡಲಿಲ್ಲ. ಅಜ್ಜಿ ಹೋದ ಮೇಲೆ ಆ ಹೆಸರು ತಿರುಗಿ ಕೊಡಲು ಯಾರೂ ಇರಲಿಲ್ಲ, ನನ್ನ ಹತ್ತಿರವೇ ಉಳಿಯಿತು.

ಸತೀಶ ನನ್ನನ್ನು ನೋಡಲು ಬಂದ ದಿನ ಎಲ್ಲರೆದುರು ಹೆಸರು ಕೇಳಿದ್ದ. ನಗುತ್ತಾನೋ ನೋಡೋಣ ಎಂದು ಜೋರಾಗಿ ಹೇಳಿದ್ದೆ. ಆತ ನಗಲಿಲ್ಲ. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡವರ ಹಾಗೆ ಮೆಲ್ಲಗೆ ಒಮ್ಮೆ ತಾನೂ ಹೇಳಿ ನೋಡಿದ. “ಚಲೋ ಐತ್ರಿ. ಬಾಯಿತುಂಬ ಕರೀಬಹುದು.” ಅಷ್ಟಕ್ಕೇ ನಾನು ಒಪ್ಪಿದ್ದು. ಅವನ ಆಫೀಸು, ಮನೆ, ಮೀಸೆ ಯಾವುದನ್ನೂ ಆಮೇಲೆ ಸರಿಯಾಗಿ ನೋಡಲಿಲ್ಲ.

ಅಂಥವನು ಈಗ ತಾಯಿಯ ಆಯ್ಕೆಗೆ ಕಿವಿ ಕೆಂಪು ಮಾಡಿಕೊಂಡು ನಿಂತಿದ್ದ.

ಅಷ್ಟರಲ್ಲಿ ಮಾವನವರು ಮೊಬೈಲ್ ಹಿಡಿದು ಹುರುಪಿನಿಂದ ಬಂದರು. “ಸತೀಶಾ, ಯುರೋಪಿಗಿ ಹೊಸ ರೂಲ್ಸ್ ಬಂದೈತಂತ ನೋಡೋ. ಹಡಗ ಹತ್ತಾವರೂ ಮೊದ್ಲಽ ಪರವಾನಗಿ ತಗೋಬೇಕಂತ. ಆನ್‌ಲೈನದಾಗ ಹೆಸರ ಹಾಕಿದ್ರ ಮುಗೀತಂತ. ಐಶ್ವರ್ಯಂದು ಹಾಕಿಬಿಡೂಣ.”

“ಅಪ್ಪಾ, ಅದು ನಮಗಲ್ಲ. ವೀಸಾ ಬ್ಯಾಡಾದ ದೇಶದವರು ಇರ್ತಾರಲ್ಲ, ಅವರಿಗಿ. ಅದೂ ಇನ್ನಾ ಶುರು ಆಗಿಲ್ಲ. ನಮಗ ಮೊದಲಿನಂಗ ವೀಸಾನಽ ಬೇಕು.”

“ಹಂಗಾರ ಹೊಸಾದು ಏನೈತಿ?”

“ಗಡಿಯಾಗ ಪಾಸ್‌ಪೋರ್ಟಿನ ಮ್ಯಾಲ ಸಿಕ್ಕಾ ಹೊಡೆಯೂದು ಬಿಟ್ಟಾರ. ಮಷಿನ್ ಮುಂದ ನಿಂದರಬೇಕು. ಮಾರಿ ಫೋಟೊ ತಗೊಂಡು ಪಾಸ್‌ಪೋರ್ಟಿಗಿ ತಾಳೆ ಹಾಕ್ತಾರ.” ಆತ ನನ್ನ ಕಡೆ ನೋಡದೆ ಮುಂದುವರಿಸಿದ. “ವೀಸಾ, ಹಡಗದ ಟಿಕೆಟ್, ಪಾಸ್‌ಪೋರ್ಟ್ ಎಲ್ಲಾದ್ರಾಗೂ ಒಂದಽ ಹೆಸರ ಇರಬೇಕು. ಇವರ ಪಾಸ್‌ಪೋರ್ಟಿನ್ಯಾಗ ದುಂಡವ್ವ ಅಂತ ಐತಿ. ಐಶ್ವರ್ಯಾಗ ಯಾರೂ ಹಡಗ ಹತ್ತಾಕ ಬಿಡೂದಿಲ್ಲ.”

ನನಗೆ ಯುರೋಪಿನವರ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಸತೀಶ ವಾರೆಗಣ್ಣಿನಿಂದ ನನ್ನನ್ನು ನೋಡಿದ. ಹೇಗೆ ಬಿಡಿಸಿದೆ ನೋಡು ಎಂಬಂತಿತ್ತು ಆ ನೋಟ. ನಾನೂ ನಗಲು ಹೊರಟಿದ್ದೆ.

ಆಫೀಸಿನ ಮೇಲೆಯೇ ಮನೆ. ಮಾತು ಕೇಳಿ ಅತ್ತೆ ಕಾಶಿಬಾಯಿ ಚಹಾದ ತಾಟು ಹಿಡಿದು ಕೆಳಗಿಳಿದು ಬಂದಿದ್ದರು. ಎಲ್ಲ ಕೇಳಿಸಿಕೊಂಡು, ನನಗೆ ಮೊದಲ ಕಪ್ಪು ಕೊಟ್ಟು, ಸಮಾಧಾನದಿಂದ ಹೇಳಿದರು:

“ಹಡಗದಾಗ ಹಳೇ ಹೆಸರ ಇರ್ಲಿ, ಯಾರ ಬ್ಯಾಡಂದಾರ? ಮನ್ಯಾಗ ಐಶ್ವರ್ಯ. ನಾನೂ ತೌರುಮನ್ಯಾಗ ಕಸ್ತೂರಿ ಇದ್ದೆ, ಈ ಹೊಸ್ತಿಲಾ ದಾಟಿ ಕಾಶಿಬಾಯಿ ಆದೆ. ನನಗೇನ ಕಡಿಮಿ ಆತು?”

ಸತೀಶ ಚಹಾ ಊದುತ್ತ ಕುಳಿತ. ಚಹಾ ಆರಿದ ಮೇಲೂ ಊದುತ್ತಲೇ ಇದ್ದ.

ನನ್ನನ್ನು ಕಳಿಸಲು ಆತ ರಸ್ತೆಯವರೆಗೆ ಬಂದ. ಗುಮ್ಮಟದ ಗೇಟಿನ ಬಳಿ ಹುರಿದ ಶೇಂಗಾ ಕೊಂಡು ನನ್ನ ಅಂಗೈಗೆ ಸುರಿದ. ಅವನ ಬೆರಳು ಅಂಗೈಗೆ ತಾಗಿತು. ಬೇರೆ ದಿನವಾಗಿದ್ದರೆ ನಾನು ಆ ಕೈಯನ್ನು ಇನ್ನಷ್ಟು ಹೊತ್ತು ಹಾಗೇ ಹಿಡಿದಿರುತ್ತಿದ್ದೆ.

“ಟಿಕೆಟ್ ಇವತ್ತಽ ಬದಲಿಸ್ತೀನಿ,” ಎಂದ.

“ಟಿಕೆಟ್ ಹಾಳಾಗಿ ಹೋಗ್ಲಿ. ಯಾವುದೋ ದೇಶದ ಮಷಿನ್ ಹೇಳಿದ್ದಕ್ಕ ನನ್ನ ಹೆಸರ ಉಳಿಬೇಕೇನು? ನಿಮಗ ಬಾಯಿಲ್ಲೇನು?”

“ಅವ್ವನ ಮುಂದ ನನಗ ನಾಲಿಗಿ ಹೊರಳೂದಿಲ್ಲ,” ಎಂದ. ನೆಪ ಹೇಳಲಿಲ್ಲ, ತಲೆ ತಗ್ಗಿಸಲೂ ಇಲ್ಲ. “ಮಷಿನ್ ಹೆಸರಲೆ ಪಾರಾಗೂಣ ಅಂದುಕೊಂಡೆ. ತಪ್ಪಾತು.”

ಅವನ ಮುಖ ನೋಡಿ ನನಗೆ ಪಾಪ ಎನಿಸಿತು. ಆದರೂ ಹೇಳಲೇಬೇಕಿತ್ತು, ಹೇಳಿದೆ.

“ತಟ್ಟ್ಯಾಗ ನೀವು ಏನ ಬರೀತೀರಿ ಅಂತ ನಾ ನೋಡ್ತೀನಿ. ಐಶ್ವರ್ಯ ಅಂತ ಬರದ್ರ ಎದ್ದು ಹೋಗೂದಿಲ್ಲ, ಮಂದ್ಯಾಗ ನಿಮ್ಮ ಮಾನ ಕಳಿಯೂದಿಲ್ಲ. ಮದುವಿ ನಿಲ್ಲೂದಿಲ್ಲ. ನಿಮ್ಮ ಮ್ಯಾಲ ಇರೂ ಮನಸ ನಿಲ್ತೈತಿ.”

ಆತ ಏನೋ ಹೇಳಲು ಬಾಯಿ ತೆರೆದ. ನಾನು ಸ್ಕೂಟಿ ಚಾಲೂ ಮಾಡಿದೆ.

ಆಮೇಲಿನ ದಿನಗಳಲ್ಲಿ ಫೋನು ಬರುತ್ತಿತ್ತು. ಫೋಟೊ ಸೈಜು ಹೀಗಿರಬೇಕು, ಇನ್ಶೂರೆನ್ಸ್ ಆಯಿತು, ಅಪಾಯಿಂಟ್‌ಮೆಂಟ್ ಸಿಕ್ಕಿತು. ಕೊನೆಗೆ ನಾನು ಕೇಳುತ್ತಿದ್ದೆ, “ಅವ್ವಗ ಹೇಳಿದ್ರಿ?” “ಹೇಳ್ತೀನಿ,” ಎನ್ನುತ್ತಿದ್ದ. ಆ ಹೇಳ್ತೀನಿ ಎಂಬುದು ನಮ್ಮೂರಿನ ಬಸ್ಸಿನ ಹಾಗೆ, ಬರುತ್ತದೆ ಎನ್ನುತ್ತಾರೆ, ಕಾಣುವುದಿಲ್ಲ.

ವೀಸಾ ಆಫೀಸಿನಲ್ಲಿ ಬೆರಳಚ್ಚು ಕೊಡಲು ನನ್ನ ಹೆಸರನ್ನು ತಪ್ಪು ತಪ್ಪಾಗಿ ಕೂಗಿದರು. ಪಕ್ಕದಲ್ಲಿದ್ದ ಸತೀಶ ತಟ್ಟನೆ ಎದ್ದು, “ದುಂಡವ್ವ, ದುಂಡವ್ವ ಅನ್ನ್ರಿ,” ಎಂದು ತಿದ್ದಿದ. ಕೌಂಟರಿನ ಹುಡುಗಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಅಪರಿಚಿತರ ಮುಂದೆ ಹೊರಳುವ ನಾಲಿಗೆ ಮನೆಯಲ್ಲಿ ಮಾತ್ರ ಹೊರಳುವುದಿಲ್ಲವಲ್ಲ ಎಂದು ಸಿಟ್ಟೂ ಬಂತು, ಎದೆಯೊಳಗೆ ಮೆತ್ತಗೂ ಆಯಿತು. ವೀಸಾ ಬಂತು. ಅದರ ಮೇಲೆ ನನ್ನ ಹೆಸರೇ ಇತ್ತು. ಅರ್ಧ ಭಾರ ಇಳಿಯಿತು.

ಇನ್ನರ್ಧ ಮದುವೆಯ ದಿನಕ್ಕೆ ಉಳಿಯಿತು.

ಅಕ್ಷತೆ ಬಿತ್ತು, ಊಟವಾಯಿತು, ಸಂಜೆ ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಹೋದೆ. ದೇವರ ಕೋಣೆಯ ಮುಂದೆ ಹಿತ್ತಾಳೆಯ ತಟ್ಟೆಯಲ್ಲಿ ಅಕ್ಕಿ ಹರಡಿಟ್ಟಿದ್ದರು. ಸುತ್ತ ಹೆಂಗಸರು. “ಐಶ್ವರ್ಯ ಅಂತ, ಎಷ್ಟ ಚಂದ ಹೆಸರ ನೋಡ,” ಎಂದು ಸತೀಶನ ಸೋದರತ್ತೆಯೊಬ್ಬಳು ಆಗಲೇ ಊರಿಗೆಲ್ಲ ಹಂಚುತ್ತಿದ್ದಳು.

ಅತ್ತೆ ತಮ್ಮ ಬೆರಳಿನ ಉಂಗುರ ತೆಗೆದು ಮಗನ ಕೈಗಿಟ್ಟರು. ಸತೀಶನ ಮುಖ ಬಾಡಿತ್ತು. ನಾನು ಅಕ್ಕಿ ನೋಡಲಿಲ್ಲ, ಅವನ ಕಿವಿ ನೋಡಿದೆ. ಕೆಂಪಾಗಿರಲಿಲ್ಲ.

ಉಂಗುರ ಅಕ್ಕಿಯಲ್ಲಿ ಸರಸರ ಓಡಿತು. ಆತ ಕೈ ತೆಗೆದು ತಟ್ಟೆಯನ್ನು ನನ್ನ ಕಡೆ ತಿರುಗಿಸಿದ.

“ಓದು,” ಎಂದ. ಆತ ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಓದಲು ಹೋದರೆ ಕಣ್ಣಲ್ಲಿ ನೀರು ತುಂಬಿ ಅಕ್ಷರ ಕಾಣಲಿಲ್ಲ. ಒರೆಸಿಕೊಂಡು ನೋಡಿದೆ. ಸೊಟ್ಟಸೊಟ್ಟ, ದೊಡ್ಡದಾಗಿ, ತಟ್ಟೆಯ ಅಂಚಿಗೆ ತಾಗುವಂತೆ ಬರೆದಿದ್ದ.

“ದುಂಡವ್ವ,” ಎಂದು ಓದಿದೆ.

“ಅಯ್ಯ, ಇದೇನಿದು, ಹಳೇದಽ ಬರದಾನಲ್ಲ,” ಎಂದಳು ಸೋದರತ್ತೆ.

“ನಾನಽ ಬರಿ ಅಂದೀನಿ. ಏನಾತೀಗ?” ಅತ್ತೆ ಸೆರಗು ಸರಿಪಡಿಸಿಕೊಂಡು ಎಲ್ಲರ ಬಾಯಿ ಮುಚ್ಚಿಸಿದರು. ಆಮೇಲೆ ನನ್ನ ಕುಂಕುಮ ತೀಡುವ ನೆಪದಲ್ಲಿ ಬಗ್ಗಿ ಮೆಲ್ಲಗೆ ಹೇಳಿದರು:

“ನಿನ್ನಿ ರಾತ್ರಿಯಿಂದ ಉಂಡಿಲ್ಲ ನಿನ್ನ ಗಂಡ. ಹೋಳಿಗಿ ಮುಂದಿಟ್ರ, ‘ಅವ್ವಾ, ನಿನ್ನ ಕಸ್ತೂರಿ ಅಂತ ಈಗ ಯಾರ ಕರೀತಾರ?’ ಅಂತ ಕೇಳಿದ. ಯಾರೂ ಇಲ್ಲಪಾ ಅಂದೆ. ಅಂದ ಮ್ಯಾಲ ನನಗೂ ಹೋಳಿಗಿ ಇಳೀಲಿಲ್ಲ.”

ನಾನು ಅವರ ಕೈ ಹಿಡಿದುಕೊಂಡೆ. ಅವರೂ ಬಿಡಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಹೆಂಗಸರು ಒಡಪಿಗೆ ಗಂಟು ಬಿದ್ದರು. ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳದೆ ಮದುಮಗಳನ್ನು ಏಳಗೊಡುವುದಿಲ್ಲ. ಎಮ್ಮೆಗೂ ಹೆದರದ ನನಗೆ ಆಗ ಒಂದು ಸಾಲೂ ಹೊಳೆಯಲಿಲ್ಲ.

“ಅಕಿದು ಆಮ್ಯಾಲ. ಮೊದ್ಲ ನಾ ಹೇಳ್ತೀನಿ,” ಎಂದ ಸತೀಶ. ತಾಯಿಯ ಮುಂದೆ, ಸೋದರತ್ತೆಯರ ಮುಂದೆ, ನನ್ನನ್ನೇ ನೋಡುತ್ತ ಹೇಳಿದ:

“ಹಡಗಿಗಿ ನೀರು ಬೇಕು, ನೀರಿಗಿ ದಂಡಿ ಬೇಕು,
ನನಗ ದಿನಾ ಕರಿಯಾಕ ದುಂಡವ್ವನ ಹೆಸರಽ ಬೇಕು.”

ಹೆಂಗಸರು ಹೋ ಎಂದು ನಕ್ಕರು. ನಾನೂ ನಕ್ಕೆ. ಆ ಮನುಷ್ಯನನ್ನು ನಾನು ಎಷ್ಟು ಪ್ರೀತಿಸುತ್ತೇನೆಂದು ನನಗೇ ಆಗ ಗೊತ್ತಾಯಿತು. ಬದುಕಿದೆ ಎನಿಸಿತು.

“ಊಟಾ ಮಾಡ್ರಿ ಮೊದ್ಲ,” ಎಂದೆ. ನನ್ನ ಬಾಯಿಂದ ಬಂದ ಒಡಪು ಅಷ್ಟೇ.

ಬಾರ್ಸಿಲೋನಾದ ವಿಮಾನ ನಿಲ್ದಾಣದಲ್ಲಿ ಸಾಲು ಉದ್ದವಿತ್ತು. ನಿಡೋಣಿಯ ಬೆಳೆಗಾರರು ಪಾಸ್‌ಪೋರ್ಟ್ ಎದೆಗವಚಿ ನಿಂತಿದ್ದರು. ಅವರಿಗೆಲ್ಲ ಹೇಳಿಕೊಡುತ್ತ ಸತೀಶ ಹಿಂದೆ ಉಳಿದ. ನನ್ನ ಸರದಿ ಬಂತು. ಮಷಿನ್ ಮುಂದೆ ನಿಂತೆ. ಅದು ನನ್ನ ಮುಖ ನೋಡಿತು, ಕೌಂಟರಿನ ಅಧಿಕಾರಿ ಪಾಸ್‌ಪೋರ್ಟ್ ನೋಡಿದ, ಹೋಗು ಎಂದು ಕೈ ಮಾಡಿದ. ಅಷ್ಟೇ. ನಾನು ಆಚೆ ದಾಟಿ ಬ್ಯಾಗು ಎತ್ತಿಕೊಂಡೆ.

ಹಿಂದಿನಿಂದ, ಅಷ್ಟು ದೊಡ್ಡ ಹಾಲಿನಲ್ಲಿ, ಬಾಯಿತುಂಬ ಒಂದು ಕೂಗು ಬಂತು.

“ದುಂಡವ್ವಾ, ನಿಂದರ ಬೇ, ನಾ ಬರಾಕತ್ತೇನಿ.”

ಎಲ್ಲರೂ ತಿರುಗಿ ನೋಡಿದರು. ನಾನು ಬ್ಯಾಗು ಕೆಳಗಿಟ್ಟೆ.

“ಬರ್ರಿ,” ಎಂದೆ, “ಇಲ್ಲೇ ಅದೀನಿ.”