ಅಣುಗಳ ಓಟ ಕದ್ದವರಾರು?

ಬೆಳಿಗ್ಗೆ ನಾನು ಪ್ರಯೋಗಾಲಯದ ಬಾಗಿಲು ತೆರೆದಾಗ ಅಕ್ಕ ಕಂಪ್ಯೂಟರ್ ಪರದೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಳು.

"ಕಳುವಾಗಿದೆ ಕಣೇ!"

"ಏನು?"

"ವೇಗ!"

ಅಕ್ಕನ ಸಂಶೋಧನೆಯೆಲ್ಲ ಒಂದು ಔಷಧದ ಅಣುವಿನದು. ಅದು ಜೀವಕೋಶದ ಪೊರೆಯನ್ನು ದಾಟೀತೇ? ಅಣುಗಳ ಓಟವನ್ನು ಲೆಕ್ಕಹಾಕಿ ಉತ್ತರ ಹೇಳಬೇಕಾದದ್ದು ಒಂದು ಮುಕ್ತ ತಂತ್ರಾಂಶ. ಅದರ ಮೂಲ ಕೋಡನ್ನು ತಂದು, ಕಂಪ್ಯೂಟರಿಗೆ ಅರ್ಥವಾಗುವಂತೆ ಕಂಪೈಲ್ ಮಾಡಿ, ಅದರ ಮಿದುಳಿನಂಥ ಹದಿನಾರು ಕೋರ್‌ಗಳು ಲೆಕ್ಕವನ್ನು ಹಂಚಿಕೊಳ್ಳುವಂತೆ ಕಟ್ಟಿದವಳು ಅವಳೇ. ನಿನ್ನೆ ಪರೀಕ್ಷೆಯಲ್ಲಿ ಕಡಿವಾಣ ಕಿತ್ತ ಕುದುರೆಯಂತೆ ಓಡಿತ್ತು. ಈಗ—ಆಮೆ! ನಾಳೆ ಸಂಜೆ ಯಂತ್ರ ಬೇರೆ ತಂಡದ ಪಾಲು. ಅಷ್ಟರೊಳಗೆ ಮುಗಿಯದಿದ್ದರೆ ಅಕ್ಕನ ಸರದಿ ಇನ್ನು ಮುಂದಿನ ವರ್ಷವೇ.

ಯಂತ್ರ ನೋಡಿಕೊಳ್ಳುವವರು ಮಾತು ಕಡಿಮೆಯ ಗುಮ್ಮಣ್ಣ. ಅಕ್ಕ ಮೊದಲು ಹರಿಹಾಯ್ದದ್ದು ಅವರ ಮೇಲೆ.

"ಬೇರೆ ಯಾರದೋ ಕೆಲಸ ನಡುವೆ ತುರುಕಿದ್ರಾ?"

"ನನ್ಯಾಕೆ ಹಿಡ್ಕೊಂಡೆ ತಾಯೀ? ನಿನ್ನದೊಂದೇ ಓಡ್ತಿರೋದು. ಹದಿನಾರೂ ಬೆವರು ಸುರಿಸ್ತಿವೆ, ನೋಡು."

ನಿಜ. ಎಲ್ಲ ಕೋರ್‌ಗಳೂ ಮೈಮುರಿದು ದುಡಿಯುತ್ತಿದ್ದವು. ಕೆಲಸ ಮಾತ್ರ ಮುಂದೆ ಸಾಗದು. ಅಜ್ಜಿಯ ಕಥೆಯಲ್ಲಿ ಇಡೀ ಅರಮನೆ ಎಚ್ಚರವಿದ್ದಾಗಲೇ ಮುತ್ತು ಮಾಯವಾಗುತ್ತಿತ್ತಲ್ಲ, ಹಾಗೆ.

ನಾನು ಚಿಕ್ಕಮ್ಮನನ್ನು ಕರೆದೆ. ತಂತ್ರಾಂಶಗಳ ದೋಷ ಹುಡುಕುವುದೇ ಅವಳ ವೃತ್ತಿ. ಕಚೇರಿ ಪಕ್ಕದ ಕಟ್ಟಡದಲ್ಲೇ; ಬಂದವಳೇ ಅಕ್ಕನನ್ನು ಕೇಳಿದಳು.

"ಪರೀಕ್ಷೆ ಆದ್ಮೇಲೆ ಕೋಡ್ ಮುಟ್ಟಿದ್ಯಾ?"

"ಇಲ್ಲ ಚಿಕ್ಕಮ್ಮ, ನಿನ್ನಾಣೆ!"

"ನಿನ್ನ ಖಾತೆಯೊಳಗೆ ಬೇರೆ ಯಾರಾದ್ರೂ ಕೂತಿದ್ರಾ?"

ಅಕ್ಕ ತಡವರಿಸಿದಳು. "ಬಣ್ಣದಣ್ಣ..."

ಅಣುಗಳ ಚಿತ್ರ ಬಿಡಿಸಿಕೊಡುವ ಸಹೋದ್ಯೋಗಿ ಅವನು. ಟೀ ಲೋಟ ಹಿಡಿದೇ ಓಡಿಬಂದ.

"ಅವಳ ಕೋಡ್ ಕಡೆ ನಾನು ತಲೆ ಹಾಕಿಯೂ ಮಲಗಿಲ್ಲ! ನಿನ್ನೆ ಸಂಜೆ ಚಿತ್ರ ಬಿಡಿಸೋ ಪ್ಯಾಕೇಜ್ ಒಂದು ಹಾಕ್ಕೊಂಡೆ, ಅಷ್ಟೇ."

"ಹಾಕುವಾಗ ಅದೇನಾದ್ರೂ ಕೇಳ್ತಾ?"

"ಕೊನೇಲಿ ಏನೋ ಕೇಳ್ತು. 'ಹೌದು' ಒತ್ತಿದೆ."

"ಓದಿದ್ಯಾ?"

"ಅದನ್ನ ಯಾರು ಓದ್ತಾರೆ ಚಿಕ್ಕಮ್ಮ?"

ಚಿಕ್ಕಮ್ಮ ನಕ್ಕಳು. ಪರದೆಯ ಮೇಲಿನ ಸಾಲುಗಳನ್ನು ಆರಂಭದವರೆಗೆ ಸರಿಸಿ, ಒಂದೆಡೆ ಬೆರಳಿಟ್ಟಳು. 'ಲೆಕ್ಕ ಆರಂಭ'—ಒಂದೇ ಸಾಲು, ಹದಿನಾರು ಸಲ.

"ಇದನ್ನ ನೋಡ್ಲಿಲ್ವೇನೇ?"

"ನೋಡಿದೆ. ಎಲ್ಲವೂ ಹಾಜರಿ ಹೇಳಿದ್ವು ಅಂತ ಖುಷಿಪಟ್ಟೆ."

"ಎಡವಿದ್ದು ಅಲ್ಲೇ! ಕೆಲಸ ಹಂಚಿಕೊಂಡಿದ್ರೆ ನಾಯಕ ಒಬ್ಬನೇ ಮಾತಾಡ್ತಾನೆ. ಇಲ್ಲಿ ಪ್ರತಿಯೊಬ್ಬನೂ ತಾನೊಬ್ಬನೇ ಇರೋದು ಅಂದ್ಕೊಂಡಿದ್ದಾನೆ. ಕೂಡಿ ಒಂದು ಬಾವಿ ತೋಡೋ ಬದಲು ಹದಿನಾರು ಜನ ಹದಿನಾರು ಬಾವಿ ತೋಡ್ತಿದ್ದಾರೆ."

"ಆದ್ರೆ ನಿನ್ನೆ ಸರಿಯಿತ್ತಲ್ಲ?"

"ನಿನ್ನೆ ಇವರನ್ನ ಒಟ್ಟುಗೂಡಿಸಿದ್ದು ನೀನು ಕಟ್ಟುವಾಗ ಬಳಸಿದ ಚಾಲಕ ಪ್ರೋಗ್ರಾಂ. ಚಿತ್ರದ ಪ್ಯಾಕೇಜ್ ತನ್ನದೇ ಇನ್ನೊಂದು ಚಾಲಕನನ್ನ ಜೊತೆಗೆ ತಂತು. 'ಇನ್ಮೇಲೆ ಮೊದಲು ನನ್ನನ್ನೇ ಕರೀತೀರಾ?' ಅಂತ ಕೇಳ್ತು, ಈ ಮಹಾಶಯ ಹೌದು ಅಂದ. ಆ ಚಾಲಕನ ಮಾತು ನಿನ್ನ ತಂತ್ರಾಂಶಕ್ಕೆ ಅರ್ಥವೇ ಆಗಲ್ಲ." ಚಿಕ್ಕಮ್ಮ ತಿರುಗಿದಳು. "ಕಳ್ಳ ನೀನೇ ಕಣಯ್ಯಾ!"

ಬಣ್ಣದಣ್ಣ ಲೋಟ ಕೆಳಗಿಟ್ಟು ಎರಡೂ ಕಿವಿ ಹಿಡಿದುಕೊಂಡ.

ಅಕ್ಕ ಹಳೆಯ ಚಾಲಕನನ್ನು ಮೊದಲಿಗೆ ತಂದು ಮತ್ತೆ ಓಡಿಸಿದಳು. 'ಲೆಕ್ಕ ಆರಂಭ'—ಒಂದೇ ಸಲ. ಅಂಕಿಗಳು ಧುಮ್ಮಿಕ್ಕಿದವು. ಗುಮ್ಮಣ್ಣ ಗಂಟಲು ಸರಿಮಾಡಿಕೊಂಡರು.

"ತಪ್ಪಾಯ್ತು ಅಣ್ಣಾ, ಸುಮ್ನೆ ರೇಗಿಬಿಟ್ಟೆ," ಎಂದಳು ಅಕ್ಕ.

"ಹೂಂ," ಎಂದರು ಅವರು. ಮುಖವೆಲ್ಲ ನಗು.

ಮರುದಿನ ಮಧ್ಯಾಹ್ನ ಪರದೆಯ ಮೇಲೆ ಆ ಪುಟ್ಟ ಅಣು ಪೊರೆಯೊಳಗೆ ನುಸುಳಿ, ಹೊರಳಿ, ಆಚೆ ಬದಿಯ ನೀರಿಗೆ ಇಳಿಯಿತು. ಅಕ್ಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಆಮೇಲೆ ಬಾಗಿಲ ಕಡೆ ಕೂಗಿದಳು:

"ಬಾರೋ ಕಳ್ಳಾ, ಇದರ ಚಿತ್ರ ಬಿಡಿಸಿಕೊಡು. ನಿನ್ನ ಖಾತೆಯಲ್ಲಿ!"